ಮೆಣಸಿನಕಾಯಿ ಒಣಗಿಸುವ ಕರೆಂಟ್ ಮಿಷನ್: ಕೋಲಾರದಲ್ಲಿ ಒಂದು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಮಿಷನ್ ಚೆನ್ನಾಗಿದೆ, ನಾನು ವಾಪಸ್ ಕೊಡುವುದಿಲ್ಲ. ಆದರೆ ಮಾರುವವರು ಹಾಕಿರುವ ಫೋಟೊ ನೋಡಿ ಮೂಟೆಗಟ್ಟಲೆ ಮೆಣಸಿನಕಾಯಿ ಒಣಗಿಸಬಹುದು ಅಂದುಕೊಂಡು ತೆಗೆದುಕೊಂಡರೆ ಬೇಜಾರಾಗುತ್ತದೆ.

ನನ್ನದು ದುಂಡಗಿನ ಫುಡ್ ಡಿಹೈಡ್ರೇಟರ್. ಐದು ಪ್ಲಾಸ್ಟಿಕ್ ಟ್ರೇ ಒಂದರ ಮೇಲೊಂದು ಕೂರುತ್ತವೆ, ಕೆಳಗಡೆ ಫ್ಯಾನು, ಹೀಟರ್. 250 ವ್ಯಾಟ್. ಬಿಸಿ 35ರಿಂದ 70 ಡಿಗ್ರಿವರೆಗೆ ಇಟ್ಟುಕೊಳ್ಳಬಹುದು, ಟೈಮರ್ ಇದೆ. 3,800 ರೂಪಾಯಿ ಆಯಿತು. ಕಂಪನಿ ಹೆಸರು ಬರೆಯುತ್ತಿಲ್ಲ, ಬರೆದರೂ ಉಪಯೋಗ ಇಲ್ಲ. ಇದೇ ಅಚ್ಚಿನ ಮಿಷನ್ ಆನ್‌ಲೈನ್‌ನಲ್ಲಿ ಹತ್ತಾರು ಹೆಸರಲ್ಲಿ ಸಿಗುತ್ತದೆ. ಹಾಗಾಗಿ ಒಂದು ಕಂಪನಿ ಬಗ್ಗೆ ಅಂತ ಓದಬೇಡಿ, ಈ ಬಗೆಯ ಮಿಷನ್ ನಮ್ಮಂಥ ಮನೆಗೆ ಬೇಕಾ ಬೇಡವಾ ಅನ್ನುವುದಕ್ಕೆ ಓದಿ.

ಯಾಕೆ ತೆಗೆದುಕೊಂಡೆ ಅಂತ ಹೇಳಬೇಕು. ನಮ್ಮ ಯಜಮಾನರ ಊರು ಮುಳಬಾಗಿಲು ಕಡೆ. ಅಲ್ಲಿ ನಮ್ಮ ಮೈದುನ ಪ್ರತಿ ವರ್ಷ ಟೊಮೆಟೊ ಪಕ್ಕದಲ್ಲಿ ಒಂದಷ್ಟು ಮೆಣಸಿನಗಿಡ ಹಾಕುತ್ತಾರೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಲೋಹಿತ್ ತಳಿ. ಒಳ್ಳೆ ಖಾರ, ಹಣ್ಣಾದರೆ ಕಡುಗೆಂಪು. ಹಸಿ ಕಾಯಿಗೆ ರೇಟ್ ಇದ್ದರೆ ಹಸಿರಾಗಿದ್ದಾಗಲೇ ಕಿತ್ತು ಮಾರ್ಕೆಟ್‌ಗೆ ಹಾಕುತ್ತಾರೆ. ರೇಟ್ ಬಿದ್ದರೆ ಕೀಳುವ ಕೂಲಿಯೂ ಹುಟ್ಟುವುದಿಲ್ಲ. ಆಗ ಗಿಡದಲ್ಲೇ ಬಿಡುತ್ತಾರೆ, ಕೆಂಪಾಗುತ್ತದೆ. ಹಿಂದಿನ ಸೆಪ್ಟೆಂಬರ್‌ಗೂ ಮೊದಲಿನ ಸೆಪ್ಟೆಂಬರ್‌ನಲ್ಲಿ ಹಾಗೇ ಆಯಿತು. "ಅತ್ತಿಗೆ, ಸುಮ್ನೆ ಉದುರಿ ಹೋಗುತ್ತೆ, ನೀವಾದರೂ ಇಟ್ಟುಕೊಳ್ಳಿ" ಅಂತ ಎರಡು ಚೀಲ ಹಣ್ಣುಮೆಣಸಿನಕಾಯಿ ತಂದು ಮನೆ ಮುಂದೆ ಇಳಿಸಿ ಹೋದರು. ಒಟ್ಟು 24 ಕೆಜಿ.

ನನಗೆ ತುಂಬಾ ಖುಷಿಯಾಯಿತು. ವರ್ಷದ ಖಾರದ ಪುಡಿಗೆ ಆಯಿತು ಅಂದುಕೊಂಡೆ. ಅತ್ತೆ ಹೇಳಿದ ಹಾಗೆ ಮೊದಲು ರಾಶಿ ಹಾಕಿ ಗೋಣಿಚೀಲ ಮುಚ್ಚಿ ಒಂದು ದಿನ ಬಿಟ್ಟೆವು. ಹಾಗೆ ಮಾಡಿದರೆ ಅರೆಬರೆ ಹಣ್ಣಾದದ್ದೂ ಬಣ್ಣ ತಿರುಗಿ ಎಲ್ಲ ಒಂದೇ ಸಮ ಆಗುತ್ತದೆ. ಆಮೇಲೆ ತಾರಸಿಯಲ್ಲಿ ಟಾರ್ಪಾಲ್ ಹಾಸಿ ಹರಡಿದೆವು. ಶಿವರಾತ್ರಿ ಆದ ಮೇಲೆ ಆಗಿದ್ದರೆ ಯೋಚನೆಯೇ ಇರಲಿಲ್ಲ. ಆ ಬಿಸಿಲಿಗೆ ಹತ್ತು ಹನ್ನೆರಡು ದಿನದಲ್ಲಿ ಇಡೀ ಕಾಯಿ ಗಲಗಲ ಅನ್ನುತ್ತದೆ. ಆದರೆ ಇದು ಸೆಪ್ಟೆಂಬರ್. ನಮ್ಮ ಕಡೆ ವರ್ಷದಲ್ಲಿ ಮಳೆ ಜಾಸ್ತಿ ಬೀಳುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಬೆಳಗ್ಗೆ ಹತ್ತಕ್ಕೆ ಬಿಸಿಲು, ಮೂರಕ್ಕೆ ಮೋಡ, ನಾಲ್ಕಕ್ಕೆ ಹನಿ. ನಾನು ಕೆಲಸಕ್ಕೆ ಹೋಗುವವಳು, ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತುವುದು ಕಷ್ಟ, ಆದರೂ ಎರಡು ದಿನ ಅವರೇ ಹತ್ತಿ ಮಳೆ ಬರುವ ಮೊದಲು ಟಾರ್ಪಾಲ್ ಮಡಚಿದ್ದಾರೆ, ಅದು ನನಗೆ ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಆರನೇ ದಿನ ಬೂಷ್ಟು ಕಾಣಿಸಿತು. ಹೊರಗಡೆ ಏನೂ ಗೊತ್ತಾಗುವುದಿಲ್ಲ. ಕಾಯಿ ಕೆಂಪಗೇ ಇರುತ್ತದೆ. ಮುರಿದು ನೋಡಿದರೆ ಒಳಗೆ ಬೀಜದ ಮೇಲೆ ಬೂದಿ ಬಣ್ಣದ ನಯವಾದ ಪೊರೆ. ಒಂದು ಮುರಿದೆ, ಹತ್ತು ಮುರಿದೆ, ಕೂತು ಎಲ್ಲವನ್ನೂ ನೋಡಿದಾಗ ಮೂರನೇ ಒಂದು ಭಾಗ ಹೋಗಿತ್ತು. ಕೆಲವರು ಬೂಷ್ಟು ಒರೆಸಿ, ಬಿಸಿಲಿಗೆ ಹಾಕಿ, ಹುರಿದು ಪುಡಿ ಮಾಡಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೆಣಸಿನಕಾಯಿಗೆ ಹಿಡಿಯುವ ಕೆಲವು ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತವೆ, ಕಡಲೆಕಾಯಿಗೆ ಬರುತ್ತದಲ್ಲ, ಅದೇ. ಈರುಳ್ಳಿ ಹುರಿಯುವ ಬಿಸಿಗೆ, ಸಾರು ಕುದಿಯುವ ಬಿಸಿಗೆ ಅದು ಪೂರ್ತಿ ಹೋಗುವುದಿಲ್ಲ. ಲಿವರ್‌ಗೆ ಕೆಟ್ಟದ್ದು. ನಾವು ಎಂಟು ಕೆಜಿ ಹತ್ತಿರ ಗುಂಡಿಗೆ ಹಾಕಿ ಮುಚ್ಚಿದೆವು. ಮೈದುನನಿಗೆ ಹೇಳಲೇ ಇಲ್ಲ. ಅವರು ಬೆಳೆದದ್ದು ಅಲ್ವಾ.

ಹಾಗಾಗಿ ಮುಂದಿನ ಬೆಳೆಗೆ ಮೊದಲೇ, ಹೋದ ಜುಲೈನಲ್ಲಿ, ಮಿಷನ್ ತರಿಸಿದೆ. ಬಂದಾಗ ಒಂದು ಟ್ರೇ ಅಂಚು ಒಡೆದಿತ್ತು. ಫೋಟೊ ಕಳಿಸಿ, ನಾಲ್ಕು ಸಲ ಫೋನ್ ಮಾಡಿ, 11 ದಿನದ ಮೇಲೆ ಬೇರೆ ಟ್ರೇ ಬಂತು. ಬಾಕ್ಸ್ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ, ನನಗೆ ಕೆಲಸಕ್ಕೆ ಬಂದದ್ದು ಅದೇ.

ಮೊದಲ ಸುತ್ತು ಹಾಳಾಯಿತು. ಕಾಯಿ ಇಡಿಯಾಗಿ ಹಾಕಿದೆ, 70 ಡಿಗ್ರಿ ಇಟ್ಟೆ, ಬೇಗ ಆಗಲಿ ಅಂತ. ರಾತ್ರಿಯೆಲ್ಲ ಓಡಿತು. ಬೆಳಗ್ಗೆ ನೋಡಿದರೆ ಕೆಳಗಿನ ಟ್ರೇ ಕಾಯಿ ಕಾಫಿಬೀಜದ ಬಣ್ಣ, ಮೇಲಿನ ಟ್ರೇ ಕಾಯಿ ಇನ್ನೂ ಮೆತ್ತಗೆ. ಎರಡು ತಪ್ಪು ಒಟ್ಟಿಗೆ ಮಾಡಿದ್ದೆ. ಮೆಣಸಿನಕಾಯಿ ಸಿಪ್ಪೆ ಮೇಲೆ ಮೇಣದಂಥ ಪದರ ಇರುತ್ತದೆ, ನೀರು ಹಾಕಿದರೆ ಜಾರಿ ಹೋಗುತ್ತದಲ್ಲ, ಅದಕ್ಕೇ. ಹೊರಗಿನ ನೀರನ್ನು ಒಳಗೆ ಬಿಡದ ಆ ಪದರ ಒಳಗಿನ ನೀರನ್ನೂ ಹೊರಗೆ ಬಿಡುವುದಿಲ್ಲ. ಇಡೀ ಕಾಯಿ ಈ ಮಿಷನ್‌ನಲ್ಲಿ 24 ಗಂಟೆ ಮೇಲೂ ತೆಗೆದುಕೊಳ್ಳುತ್ತದೆ. ಉದ್ದಕ್ಕೆ ಸೀಳಿ ಹಾಕಿದರೆ 12ರಿಂದ 14 ಗಂಟೆ. ಅರ್ಧಕ್ಕರ್ಧ ಕರೆಂಟು ಉಳಿಯಿತು. ಸೀಳಿದರೆ ಇನ್ನೊಂದು ಲಾಭ, ಒಳಗೆ ಬೂಷ್ಟು ಇದ್ದರೆ, ಹುಳ ಇದ್ದರೆ ಅಲ್ಲೇ ಕಾಣುತ್ತದೆ. ಕತ್ತರಿಯಲ್ಲಿ ತೊಟ್ಟು ತೆಗೆದು ಹಾಗೇ ಕೆಳಗಿನವರೆಗೆ ಕತ್ತರಿಸಿಕೊಂಡು ಹೋದರೆ ಚಾಕುವಿಗಿಂತ ಬೇಗ ಆಗುತ್ತದೆ.

ಬಿಸಿ 60 ಡಿಗ್ರಿ ಸಾಕು. 55 ಇಟ್ಟರೆ ಬಣ್ಣ ಇನ್ನೂ ಚೆನ್ನಾಗಿ ಉಳಿಯುತ್ತದೆ, ಎರಡು ಮೂರು ಗಂಟೆ ಜಾಸ್ತಿ ಬೇಕು. 65 ದಾಟಿದರೆ ಬಣ್ಣ ಕಂದುತ್ತದೆ, ಹುರಿದ ವಾಸನೆ ಬರುತ್ತದೆ. ಆದರೆ ಮಿಷನ್ ತೋರಿಸುವ ಡಿಗ್ರಿಯನ್ನು ಪೂರ್ತಿ ನಂಬಬೇಡಿ. ಮಗಳ ಹತ್ತಿರ ಒಂದು ಥರ್ಮಾಮೀಟರ್ ಇತ್ತು, ಅದನ್ನು ಟ್ರೇಗಳ ಮಧ್ಯ ಇಟ್ಟು ನೋಡಿದೆವು. ಮಿಷನ್ 60 ಅಂತ ತೋರಿಸುವಾಗ ಕೆಳಗಿನ ಟ್ರೇಯಲ್ಲಿ 66, ಮೇಲಿನ ಟ್ರೇಯಲ್ಲಿ 52 ಇತ್ತು. ಫ್ಯಾನು ಕೆಳಗಿರುವ ಎಲ್ಲ ದುಂಡು ಮಿಷನ್‌ಗಳ ಸ್ವಭಾವ ಇದು. ಮೂರು ಗಂಟೆಗೊಮ್ಮೆ ಟ್ರೇ ಕೆಳಗು ಮೇಲು ಮಾಡಬೇಕು. ರಾತ್ರಿ ಹಾಕಿ ಮಲಗಿ ಬೆಳಗ್ಗೆ ತೆಗೆಯಬಹುದು ಅಂತ ಬಾಕ್ಸ್ ಮೇಲೆ ಬರೆದಿದ್ದಾರೆ, ಆಗುವುದಿಲ್ಲ. ನಾನು ಮಲಗುವ ಮುಂಚೆ ಒಂದು ಸಲ, ನೀರು ಬಿಡುವ ಹೊತ್ತಿಗೆ ಎದ್ದಾಗ ಒಂದು ಸಲ ಬದಲಾಯಿಸುತ್ತೇನೆ, ಅಷ್ಟರಲ್ಲಿ ನಡೆಯುತ್ತದೆ. ಹಿಂದುಗಡೆ ಫ್ಯಾನು ಇರುವ ಚೌಕದ ಮಿಷನ್‌ಗಳಲ್ಲಿ ಬಿಸಿ ಎಲ್ಲ ಟ್ರೇಗೂ ಹೆಚ್ಚುಕಡಿಮೆ ಸಮ ಹೋಗುತ್ತದೆ, ಬೆಲೆ ಜಾಸ್ತಿ. ದುಡ್ಡು ಇದ್ದರೆ ಅದನ್ನೇ ನೋಡಿ.

ಇನ್ನೊಂದು ತೊಂದರೆ ಟ್ರೇಯ ತೂತು. ಸೀಳಿದ ಕಾಯಿಯ ಬೀಜ ಉದುರಿ ಹೀಟರ್ ಮೇಲೆ ಬಿದ್ದು ಸುಟ್ಟು, ಆ ಘಾಟಿಗೆ ಮನೆಯಲ್ಲಿ ಒಬ್ಬರೂ ಉಸಿರಾಡುವಂತಿರಲಿಲ್ಲ. ಕೆಳಗಿನ ಟ್ರೇಗೆ ಮಾತ್ರ ತೆಳುವಾದ ಹಳೆ ಪಂಚೆಯ ತುಂಡು ದುಂಡಗೆ ಕತ್ತರಿಸಿ ಹಾಸಿದೆ. ಅದಾದ ಮೇಲೆ ಆ ಸಮಸ್ಯೆ ಇಲ್ಲ.

ಘಾಟಿನ ವಿಷಯ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಇದನ್ನು ಅಡುಗೆಮನೆಯಲ್ಲಿ ಓಡಿಸಬೇಡಿ. ಹಾಲ್‌ನಲ್ಲಿ ಬೇಡವೇ ಬೇಡ. ಬಿಸಿಗಾಳಿ ಜೊತೆ ಖಾರವೂ ಬರುತ್ತದೆ. ಮೊದಲ ನಾಲ್ಕು ಗಂಟೆ ಏನೂ ಅನಿಸುವುದಿಲ್ಲ, ಆಮೇಲೆ ಶುರುವಾಗುತ್ತದೆ ಕೆಮ್ಮು. ನಮ್ಮ ಯಜಮಾನರಿಗೆ ವೀಸಿಂಗ್ ಇದೆ, ಮೊದಲ ರಾತ್ರಿ ಅವರು ಪಫ್ ಹೊಡೆದುಕೊಂಡು ಹೊರಗೆ ಕೂತಿದ್ದರು, ನನಗೆ ತುಂಬಾ ಭಯವಾಯಿತು. ಈಗ ತಾರಸಿಗೆ ಹೋಗುವ ಮೆಟ್ಟಿಲ ಮೇಲಿನ ಸಣ್ಣ ರೂಮಿನಲ್ಲಿ ಇಟ್ಟಿದ್ದೇನೆ, ಅಲ್ಲಿ ಪ್ಲಗ್ ಪಾಯಿಂಟ್ ಹಾಕಿಸಿದ್ದೇವೆ, ಕಿಟಕಿ ತೆಗೆದಿಡುತ್ತೇನೆ, ಕೆಳಗಿನ ಬಾಗಿಲು ಮುಚ್ಚುತ್ತೇನೆ. ಮನೆಯಲ್ಲಿ ಸಣ್ಣ ಮಕ್ಕಳೋ ಉಬ್ಬಸ ಇರುವವರೋ ಇದ್ದು, ಹೊರಗೆ ಇಡಲು ಜಾಗ ಇಲ್ಲದಿದ್ದರೆ ಈ ಮಿಷನ್ ಮೆಣಸಿನಕಾಯಿಗೆ ಬೇಡ.

ಕೈ ಉರಿಗೂ ಅಷ್ಟೇ. ಎರಡು ಕೆಜಿ ಸೀಳಿದರೆ ರಾತ್ರಿಯೆಲ್ಲ ಉರಿಯುತ್ತದೆ. ಕ್ಯಾಪ್ಸೈಸಿನ್ ಅಂತ ಖಾರದ ಅಂಶ, ಅದು ನೀರಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಎಷ್ಟು ಸಲ ನೀರಲ್ಲಿ ತೊಳೆದರೂ ಹೋಗದೇ ಇರುವುದು ಅದಕ್ಕೇ. ಮೊದಲು ಕೈಗೆ ಕೊಬ್ಬರಿ ಎಣ್ಣೆ ಚೆನ್ನಾಗಿ ಉಜ್ಜಿ, ಒರೆಸಿ, ಆಮೇಲೆ ಸೋಪು ಹಾಕಿ. ಗ್ಲೌಸ್ ಹಾಕಿಕೊಂಡರೆ ಇದ್ಯಾವುದೂ ಬೇಡ. ಹಾಗೇ ಒಂದು ಮಾತು. ಖಾರ ಬೀಜದಲ್ಲಿದೆ ಅಂತ ಎಲ್ಲರೂ ಅನ್ನುತ್ತಾರೆ, ನಾನೂ ಹಾಗೇ ತಿಳಿದಿದ್ದೆ. ಬೀಜ ಅಂಟಿಕೊಂಡಿರುತ್ತದಲ್ಲ ಬಿಳಿ ತಿರುಳು, ಖಾರ ತಯಾರಾಗುವುದು ಅಲ್ಲಿ. ಬೀಜಕ್ಕೆ ತಗುಲಿರುವುದು ಅದರ ಖಾರ. ಪುಡಿ ಖಾರ ಕಡಿಮೆ ಬೇಕು ಅನ್ನುವವರು ಸೀಳಿದಾಗ ಆ ಬಿಳಿ ಭಾಗ ಕೆರೆದು ತೆಗೆಯಿರಿ. ಬೀಜ ಜಾಸ್ತಿ ಇದ್ದರೆ ಪುಡಿಯ ಬಣ್ಣ ತಿಳಿಯಾಗುತ್ತದೆ, ಖಾರದ ಲೆಕ್ಕ ಬೇರೆ.

ಈಗ ಎಷ್ಟು ಹಿಡಿಯುತ್ತದೆ, ಎಷ್ಟು ಖರ್ಚು ಅನ್ನುವುದು. ಸೀಳಿದ ಕಾಯಿ ಐದು ಟ್ರೇಗೆ ಸೇರಿ 1.5 ಕೆಜಿ. ಒಂದರ ಮೇಲೊಂದು ಬೀಳದ ಹಾಗೆ ಹರಡಿದರೆ ಅಷ್ಟೇ. ಹಣ್ಣುಮೆಣಸಿನಕಾಯಿಯಲ್ಲಿ ಮುಕ್ಕಾಲು ಭಾಗ ನೀರೇ ಇರುತ್ತದೆ, ಅದನ್ನು ನೂರಕ್ಕೆ ಹತ್ತರಷ್ಟಕ್ಕೆ ಇಳಿಸಬೇಕು. 1.5 ಕೆಜಿ ಹಾಕಿದರೆ ಕೈಗೆ ಬರುವುದು ಹತ್ತಿರ ಹತ್ತಿರ 400 ಗ್ರಾಂ. ನಾಲ್ಕು ಕೆಜಿ ಹಸಿಗೆ ಒಂದು ಕೆಜಿ ಒಣ, ಇದು ಅತ್ತೆ ಬಾಯಲ್ಲಿ ಇರುವ ಲೆಕ್ಕ, ಮಿಷನ್‌ನಲ್ಲೂ ಅದೇ ಬಂತು. ಒಂದು ಸುತ್ತಿಗೆ 14 ಗಂಟೆ ಓಡಿದರೆ ಮೂರೂವರೆ ಯೂನಿಟ್, ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ 21 ರೂಪಾಯಿ. ಒಂದು ಕೆಜಿ ಒಣ ಕಾಯಿಗೆ 50 ರೂಪಾಯಿ ಮೇಲೆ ಕರೆಂಟೇ ಆಯಿತು. ಗೃಹಜ್ಯೋತಿಯಲ್ಲಿ ಇರುವವರು ಮೀಟರ್ ನೋಡಿಕೊಂಡು ಓಡಿಸಿ, ತಿಂಗಳಿಗೆ ಹತ್ತು ಸುತ್ತು ಅಂದರೆ 35 ಯೂನಿಟ್, 200 ದಾಟಿದರೆ ಪೂರ್ತಿ ಬಿಲ್ ಬರುತ್ತದೆ.

ಹಾಗಾಗಿ ಅಂಗಡಿಯಿಂದ ಹಸಿ ಹಣ್ಣುಕಾಯಿ ಕೊಂಡುತಂದು ಇದರಲ್ಲಿ ಒಣಗಿಸಿ ಪುಡಿ ಮಾಡುವುದು ದುಡ್ಡಿನ ಲೆಕ್ಕದಲ್ಲಿ ಗಿಟ್ಟುವುದಿಲ್ಲ. ಹಸಿ ಕಾಯಿ ಕೆಜಿಗೆ 50 ರೂಪಾಯಿ ಅಂತಿಟ್ಟುಕೊಳ್ಳಿ, ನಾಲ್ಕು ಕೆಜಿಗೆ 200, ಕರೆಂಟು 50, ನಿಮ್ಮ ಕೈ ಉರಿ ಬೇರೆ. ಹೊಲದಲ್ಲಿ, ಕುಂಡದಲ್ಲಿ ಬೆಳೆದದ್ದು ಇದ್ದರೆ ಮಾತ್ರ ಅರ್ಥ ಇದೆ.

24 ಕೆಜಿ ಬಂದರೆ ಏನು ಮಾಡುವುದು? 1.5 ಕೆಜಿ ಲೆಕ್ಕದಲ್ಲಿ 16 ಸುತ್ತು. ಅಷ್ಟು ದಿನದಲ್ಲಿ ಉಳಿದದ್ದು ಕೊಳೆಯುತ್ತದೆ. ಇಲ್ಲೇ ನಾನು ತುಂಬಾ ಯೋಚನೆ ಮಾಡಿದ್ದು, ದಾರಿ ತೋರಿಸಿದ್ದು ಅತ್ತೆ. "ಬಿಸಿಲು ಇದ್ದಷ್ಟು ಹೊತ್ತು ಬಿಸಿಲಿಗೇ ಹಾಕಮ್ಮಾ, ಬಿಸಿಲು ಕೈಕೊಟ್ಟಾಗ ನಿನ್ನ ಮಿಷನ್ನು" ಅಂದರು. ಸರಿಯಾದ ಮಾತು. ಸೀಳಿದ ಕಾಯಿಯನ್ನು ಎರಡು ದಿನ ಬಿಟ್ಟು ಬಿಟ್ಟು ಬರುವ ಬಿಸಿಲಿಗೆ ಹಾಕಿದರೂ ಅದು ಬಾಡಿ ಸುರುಟಿಕೊಂಡು ಅರ್ಧಕ್ಕಿಂತ ಕಡಿಮೆ ಆಗುತ್ತದೆ. ಆ ಬಾಡಿದ ಕಾಯಿ ಐದು ಟ್ರೇಗೆ 3 ಕೆಜಿ ಹಸಿಯಷ್ಟದ್ದು ಹಿಡಿಯುತ್ತದೆ, ಮಿಷನ್‌ಗೆ ಐದಾರು ಗಂಟೆ ಸಾಕು. ಬಿಸಿಲಿನಲ್ಲಿ ಕಷ್ಟ ಆಗುವುದು ಕೊನೆಯ ಆ ಸ್ವಲ್ಪ ನೀರು. ಹಗಲು ಒಣಗಿದ್ದು ರಾತ್ರಿ ತಂಪಿಗೆ ಮತ್ತೆ ಮೆತ್ತಗಾಗುತ್ತದೆ, ಮಾರನೇ ದಿನ ಮತ್ತೆ ಮೊದಲಿಂದ. ಬೂಷ್ಟು ಹಿಡಿಯುವುದು ಆ ಹೊತ್ತಿನಲ್ಲೇ. ಸಂಜೆ ಬಿಸಿಲಿಂದ ತಂದು ನೇರ ಮಿಷನ್‌ಗೆ ಹಾಕಿದರೆ ಬೆಳಗ್ಗೆ ಹೊತ್ತಿಗೆ ಮುಗಿದಿರುತ್ತದೆ. ಹೋದ ಸೆಪ್ಟೆಂಬರ್‌ನಲ್ಲಿ ಮೈದುನ ಮತ್ತೆ 18 ಕೆಜಿ ತಂದರು. ಆರು ರಾತ್ರಿಯಲ್ಲಿ ಒಣಗಿಸಿದೆವು. ಮಧ್ಯದಲ್ಲಿ ಒಂದು ದಿನ ಪೂರ್ತಿ ಮಳೆ ಇತ್ತು, ಆ ದಿನ ಮಿಷನ್ ಹಗಲೂ ಓಡಿತು. ಒಂದು ಕಾಯಿಗೂ ಬೂಷ್ಟು ಬರಲಿಲ್ಲ. ನಾಲ್ಕೂವರೆ ಕೆಜಿ ಒಣ ಕಾಯಿ ತೂಗಿದಾಗ ಅತ್ತೆ ಮುಖ ನೋಡಬೇಕಿತ್ತು ನೀವು.

ಬಣ್ಣದಲ್ಲಿ ವ್ಯತ್ಯಾಸ ಇದೆ. ಪೂರ್ತಿ ಬಿಸಿಲಲ್ಲಿ ಹನ್ನೆರಡು ದಿನ ಬಿದ್ದ ಕಾಯಿ ಅಲ್ಲಲ್ಲಿ ಬಿಳಿಚಿಕೊಳ್ಳುತ್ತದೆ, ಬೆಳಕಿಗೆ ಆ ಕೆಂಪು ನಿಲ್ಲುವುದಿಲ್ಲ. ಮಿಷನ್‌ನಲ್ಲಿ 55 ಡಿಗ್ರಿಯಲ್ಲಿ ಒಣಗಿದ್ದು ದಾಳಿಂಬೆ ಸಿಪ್ಪೆಯಂತೆ ಇರುತ್ತದೆ. ಆದರೆ ವಾಸನೆಯಲ್ಲಿ ನನಗೆ ಬಿಸಿಲಿನದ್ದೇ ಇಷ್ಟ. ಬಿಸಿಲಿನ ಕಾಯಿಗೆ ಒಂದು ಥರ ಬೆಂದ ಹಣ್ಣಿನ ವಾಸನೆ, ಮಿಷನ್ ಕಾಯಿಗೆ ಅದು ಬರುವುದಿಲ್ಲ. ಎರಡೂ ಸೇರಿಸಿ ಮಾಡಿದ್ದರಲ್ಲಿ ಎರಡೂ ಇದೆ ಅನಿಸಿತು.

ಆಯಿತೋ ಇಲ್ಲವೋ ನೋಡುವುದು ಹೇಗೆ? ಬಿಸಿ ಇರುವಾಗ ಮುಟ್ಟಿ ನೋಡಬೇಡಿ, ಬಿಸಿಯಲ್ಲಿ ಒಣಗಿದ್ದೂ ಮೆತ್ತಗೇ ಇರುತ್ತದೆ. ಹತ್ತು ನಿಮಿಷ ಆರಲು ಬಿಟ್ಟು ಮಡಚಿ. ಬಗ್ಗಿದರೆ ಆಗಿಲ್ಲ. ಟಕ್ಕಂತ ಮುರಿಯಬೇಕು. ತೊಟ್ಟು ಇದ್ದ ಕಡೆ ದಪ್ಪ ಇರುತ್ತದೆ, ಕೊನೆಗೆ ಒಣಗುವುದು ಅದು, ಅಲ್ಲೇ ಮುರಿದು ನೋಡಬೇಕು. ಆಮೇಲೂ ನೇರ ಪುಡಿ ಮಾಡಬೇಡಿ. ಗಾಜಿನ ಬಾಟಲಿಗೆ ಹಾಕಿ ಮುಚ್ಚಿ ಮೂರು ದಿನ ಇಡಿ. ಗಾಜಿನ ಒಳಗೆ ಮಂಜು ಕಂಡರೆ ಅಥವಾ ಕಾಯಿ ಮತ್ತೆ ಬಗ್ಗಿದರೆ ಇನ್ನೆರಡು ಗಂಟೆ ಮಿಷನ್‌ಗೆ ಹಾಕಿ.

ಅಂಗಡಿ ಮೆಣಸಿನಕಾಯಿಗೂ ಇದು ತುಂಬಾ ಕೆಲಸಕ್ಕೆ ಬರುತ್ತದೆ, ಮೊದಲು ಇದು ನನಗೆ ಹೊಳೆದಿರಲಿಲ್ಲ. ನಮ್ಮ ಸಾರಿನ ಪುಡಿಗೆ ಬ್ಯಾಡಗಿ ಬೇಕೇ ಬೇಕು. ಮೈದುನನ ಕಾಯಿಯಲ್ಲಿ ಖಾರ ಇದೆ, ಬ್ಯಾಡಗಿಯ ಆ ಬಣ್ಣ ಇಲ್ಲ. ಹಾವೇರಿ ಕಡೆಯ ಬ್ಯಾಡಗಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು ಸುಮ್ನೆ ಅಲ್ಲ, ಖಾರ ಕಡಿಮೆ, ಬಣ್ಣ ಅಷ್ಟು ಗಾಢ, ಅದರ ಬಣ್ಣ ತೆಗೆದು ಲಿಪ್‌ಸ್ಟಿಕ್‌ಗೂ ಹಾಕುತ್ತಾರೆ. ಕಡ್ಡಿ, ಡಬ್ಬಿ ಅಂತ ಎರಡು ಬಗೆ ಇದೆ. ಡಬ್ಬಿ ದಪ್ಪ, ಕಡ್ಡಿ ಉದ್ದ ಸಣ್ಣಗೆ, ಮೈಯೆಲ್ಲ ನೆರಿಗೆ. ನಾವು ಕಡ್ಡಿ ತರುತ್ತೇವೆ. ಒಣಮೆಣಸಿನಕಾಯಿ ತೀರಾ ಗರಿಯಾದರೆ ಚೀಲದಲ್ಲಿ ಮುರಿದು ಬೀಜ ಉದುರುತ್ತದೆ, ಹಾಗಾಗಿ ಅಂಗಡಿಯಲ್ಲಿ ಸಿಗುವುದು ಸ್ವಲ್ಪ ಮೆತ್ತಗೇ ಇರುತ್ತದೆ. ಮೊದಲು ಇದನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡುತ್ತಿದ್ದೆವು, ಒಂದು ಕ್ಷಣ ಆಚೀಚೆ ಆದರೆ ಕಪ್ಪು. ಈಗ 50 ಡಿಗ್ರಿಯಲ್ಲಿ ಎರಡು ಗಂಟೆ ಮಿಷನ್. ಗರಿಗರಿ ಆಗುತ್ತದೆ, ಬಣ್ಣ ಒಂದು ಚೂರೂ ಬದಲಾಗುವುದಿಲ್ಲ. ನಮ್ಮ ಅಳತೆ ಬ್ಯಾಡಗಿ ಅರ್ಧ, ಮನೆ ಕಾಯಿ ಅರ್ಧ. ಮುದ್ದೆ ಜೊತೆಗಿನ ಮಾಂಸದ ಸಾರಿಗೆ ಆದರೆ ಮನೆ ಕಾಯಿ ಒಂದು ಹಿಡಿ ಜಾಸ್ತಿ.

ಪುಡಿ ಮಾಡಿಸುವ ಕಥೆ ಬೇರೆ. ಅರ್ಧ ಕೆಜಿ ಒಳಗೆ ಆದರೆ ಮಿಕ್ಸಿ. ಒಂದೇ ಸಮ ತಿರುಗಿಸಬೇಡಿ, ಜಾರ್ ಬಿಸಿಯಾಗಿ ಪುಡಿ ಗಂಟು ಕಟ್ಟುತ್ತದೆ. ಹತ್ತು ಸೆಕೆಂಡ್ ಬಿಟ್ಟು ಬಿಟ್ಟು ತಿರುಗಿಸಿ, ಜರಡಿ ಹಿಡಿದು, ಉಳಿದದ್ದು ಮತ್ತೆ ಹಾಕಿ. ಜಾರ್ ಮುಚ್ಚಳ ಕೂಡಲೇ ತೆಗೆಯಬೇಡಿ, ಹತ್ತು ನಿಮಿಷ ಪುಡಿ ಕೂರಲಿ. ಒಂದು ಕೆಜಿ ಮೇಲೆ ಇದ್ದರೆ ಮಿಲ್. ಯುಗಾದಿ ಮುಂಚೆ ಕೋಲಾರದ ಮಿಲ್‌ಗಳಲ್ಲಿ ಡಬ್ಬ ಹಿಡಿದು ನಿಂತವರ ಸಾಲು ನೋಡಿರುತ್ತೀರಿ. ಆದರೆ ಸೆಪ್ಟೆಂಬರ್‌ನಲ್ಲಿ ಖಾರದ ಪುಡಿ ಹಾಕಿಸುವವರು ಕಡಿಮೆ, ಮಿಷನ್ ಬೇರೆ ಯಾವುದಕ್ಕೋ ಓಡಿರುತ್ತದೆ. ನಾನು ಮೊದಲು ಹೋದ ಕಡೆ ನನಗಿಂತ ಮುಂಚೆ ಅರಿಶಿನ ಹಾಕಿದ್ದರು, ಕೇಳದೆ ನಮ್ಮದನ್ನೂ ಸುರಿದುಬಿಟ್ಟರು, ಒಂದೂವರೆ ಕೆಜಿ ಪುಡಿ ಅರಿಶಿನ ವಾಸನೆ. ಅಷ್ಟು ಕಷ್ಟಪಟ್ಟು ಒಣಗಿಸಿದ್ದು, ಅಲ್ಲೇ ಕಣ್ಣಲ್ಲಿ ನೀರು ಬಂತು. ಉಳಿದದ್ದನ್ನು ಬೇರೆ ಮಿಲ್‌ಗೆ ಒಯ್ದೆ. ಅಲ್ಲಿ ನಡೆಸುವ ಅಕ್ಕ ಮೊದಲು ನಮ್ಮದೇ ಒಂದು ಹಿಡಿ ಕಾಯಿ ಹಾಕಿ ಓಡಿಸಿ, ಆ ಪುಡಿ ಬೇರೆ ತೆಗೆದಿಟ್ಟು, ಆಮೇಲೆ ಉಳಿದದ್ದು ಹಾಕಿದರು. ನೀವೂ ಹಾಗೆ ಕೇಳಿ ಮಾಡಿಸಿಕೊಳ್ಳಿ. ಬಿಸಿ ಪುಡಿಯನ್ನು ಡಬ್ಬಕ್ಕೆ ತುಂಬಿ ಮುಚ್ಚಿ ತರಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆ ಮೇಲೆ ಹರಡಿ, ಪೂರ್ತಿ ಆರಿದ ಮೇಲೆ ತುಂಬಿ. ಬಿಸಿಯಲ್ಲಿ ಮುಚ್ಚಿದರೆ ಒಳಗೆ ಬೆವರುತ್ತದೆ, ಒಣಗಿಸಿದ್ದೆಲ್ಲ ವ್ಯರ್ಥ.

ನಾವು ಈಗ ಎಲ್ಲವನ್ನೂ ಒಂದೇ ಸಲ ಪುಡಿ ಮಾಡಿಸುವುದಿಲ್ಲ. ಮೂರು ತಿಂಗಳಿಗೆ ಆಗುವಷ್ಟು ಪುಡಿ, ಉಳಿದದ್ದು ಒಣ ಕಾಯಿಯಾಗೇ ಸ್ಟೀಲ್ ಡಬ್ಬದಲ್ಲಿ. ಪುಡಿಯಾದರೆ ಬಣ್ಣ, ವಾಸನೆ ಬೇಗ ಇಳಿಯುತ್ತದೆ. ಬೆಳಕಿಗೆ ಇಡಬೇಡಿ. ಅತ್ತೆ ಡಬ್ಬದ ತಳಕ್ಕೆ ಬಟ್ಟೆಯಲ್ಲಿ ಕಟ್ಟಿದ ಇಂಗಿನ ಹರಳು ಹಾಕುತ್ತಾರೆ, ಹುಳ ಬಂದಿಲ್ಲ.

ಇಷ್ಟೆಲ್ಲ ಯಾಕೆ, ಪ್ಯಾಕೆಟ್ ತಂದರೆ ಆಗದಾ ಅಂತ ನನ್ನ ತಂಗಿ ಕೇಳಿದಳು. ಒಳ್ಳೆ ಪ್ಯಾಕೆಟ್‌ಗಳೂ ಇವೆ, ಇಲ್ಲ ಅನ್ನುವುದಿಲ್ಲ. ಆದರೆ 2003ರಲ್ಲಿ ಯುರೋಪಿನಲ್ಲಿ ನಮ್ಮ ದೇಶದಿಂದ ಹೋದ ಖಾರದ ಪುಡಿಯಲ್ಲಿ ಸುಡಾನ್ ಅನ್ನುವ ಬಣ್ಣ ಸಿಕ್ಕಿತ್ತು, ಅದು ಊಟಕ್ಕೆ ಹಾಕುವ ಬಣ್ಣವೇ ಅಲ್ಲ. ಗ್ಲಾಸ್ ನೀರಿಗೆ ಪುಡಿ ಉದುರಿಸಿ ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಇಟ್ಟಿಗೆ ಪುಡಿ, ನೀರಲ್ಲಿ ಕರಗುವ ಬಣ್ಣ ಅದರಲ್ಲಿ ಗೊತ್ತಾಗಬಹುದು. ಸುಡಾನ್ ಎಣ್ಣೆಯಲ್ಲಿ ಕರಗುವ ಬಣ್ಣ, ನೀರಿನ ಗ್ಲಾಸ್‌ನಲ್ಲಿ ತೋರುವುದಿಲ್ಲ, ಲ್ಯಾಬ್‌ಗೇ ಕೊಡಬೇಕು. ಬಿಡಿಯಾಗಿ ತೂಗಿ ಕೊಡುವ ಪುಡಿ ನೋಡಿದರೆ ನನಗೆ ಧೈರ್ಯ ಬರುವುದಿಲ್ಲ. ನಮ್ಮ ಡಬ್ಬದ ಪುಡಿ ಯಾವ ಹೊಲದ್ದು, ಯಾರು ಕಿತ್ತದ್ದು, ಯಾವ ರಾತ್ರಿ ಒಣಗಿದ್ದು ಅಂತ ಗೊತ್ತು.

ಮಿಷನ್ ತೊಳೆಯುವುದು ಸುಲಭ ಅಲ್ಲ. ಟ್ರೇಗಳನ್ನು ಬಿಸಿ ಸೋಪು ನೀರಲ್ಲಿ ಅರ್ಧ ಗಂಟೆ ನೆನೆಸಿ ಉಜ್ಜಿದರೂ ಖಾರ ಪೂರ್ತಿ ಹೋಗುವುದಿಲ್ಲ. ಒಂದು ಸಲ ತೊಳೆದ ಟ್ರೇಯಲ್ಲೇ ಬಾಳೆಹಣ್ಣು ಹಾಕಿದ್ದೆ, ಮಗಳು ಒಂದು ಚೂರು ಬಾಯಿಗೆ ಹಾಕಿ ಉಗಿದಳು. ಟ್ರೇ ಬೇರೆಯಾಗಿ ಸಿಗುತ್ತದೆ, ಎರಡನೇ ಜೊತೆ ತೆಗೆದುಕೊಂಡು ಖಾರಕ್ಕೇ ಒಂದು ಜೊತೆ ಇಟ್ಟುಬಿಡಿ. ಕೆಳಗಿನ ಫ್ಯಾನಿನ ಭಾಗಕ್ಕೆ ನೀರು ತಾಗಿಸಬೇಡಿ, ಒಣ ಬ್ರಷ್ ಸಾಕು. ಎರಡನೇ ಜೊತೆಯಲ್ಲಿ ಕರಿಬೇವು, ನುಗ್ಗೆಸೊಪ್ಪು ತುಂಬಾ ಚೆನ್ನಾಗಿ ಆಗುತ್ತದೆ, 45 ಡಿಗ್ರಿಯಲ್ಲಿ ನಾಲ್ಕು ಗಂಟೆ, ಹಸಿರು ಹಾಗೇ ಇರುತ್ತದೆ. ನಮ್ಮೂರಲ್ಲಿ ಟೊಮೆಟೊ ರೇಟ್ ಬಿದ್ದಾಗ ಎಪಿಎಂಸಿ ಹೊರಗಡೆ ರಸ್ತೆ ಪಕ್ಕ ಸುರಿದು ಹೋಗುವುದು ನೋಡಿದ್ದೀರಲ್ಲ, ಆಗ ಹತ್ತು ಕೆಜಿ ತಂದು ಬಿಲ್ಲೆ ಮಾಡಿ ಒಣಗಿಸಿದೆ. ಅದಕ್ಕೆ ಮಾತ್ರ ಈ ಮಿಷನ್ ತುಂಬಾ ಹೊತ್ತು ತೆಗೆದುಕೊಳ್ಳುತ್ತದೆ, ಅದರಲ್ಲಿ ನೀರು ಇನ್ನೂ ಜಾಸ್ತಿ.

ಒಂದು ವರ್ಷದಲ್ಲಿ ರಿಪೇರಿಗೆ ಬಂದಿಲ್ಲ. ಸದ್ದು ಟೇಬಲ್ ಫ್ಯಾನಿನಷ್ಟು. ಕರೆಂಟ್ ಹೋಗಿ ಬಂದರೆ ಟೈಮರ್ ಮೊದಲಿನ ಜಾಗಕ್ಕೆ ಹೋಗುವುದಿಲ್ಲ, ಮತ್ತೆ ಇಡಬೇಕು, ಇದು ನನಗೆ ದೊಡ್ಡ ಕೊರತೆ ಅನಿಸಿದೆ. ರಾತ್ರಿ ಎರಡಕ್ಕೆ ಕರೆಂಟ್ ಹೋಗಿ ಬಂದಿದ್ದರೆ ಬೆಳಗ್ಗೆವರೆಗೂ ಸುಮ್ನೆ ಇರುತ್ತದೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಮನೆ ಮುಂದೆ ಹತ್ತು ಕುಂಡ ಇರುವವರಿಗೆ, ಮಳೆಗಾಲದಲ್ಲಿ ಹೊಲದಿಂದ ಹತ್ತು ಇಪ್ಪತ್ತು ಕೆಜಿ ಬರುವವರಿಗೆ, ತಾರಸಿಯೂ ಇದ್ದರೆ, ತೆಗೆದುಕೊಳ್ಳಿ. ಮಾರ್ಚ್‌ನಲ್ಲಿ ಮಾತ್ರ ಖಾರದ ಪುಡಿ ಮಾಡುವವರಿಗೆ ಒಂದು ಹಳೆ ಸೀರೆ, ಒಳ್ಳೆ ಬಿಸಿಲು ಸಾಕು. ಎಕರೆಗಟ್ಟಲೆ ಬೆಳೆಯುವವರಿಗೆ ಈ ಸೈಜ್ ಏನೂ ಆಗುವುದಿಲ್ಲ.

ಮಿಷನ್ ಈ ವಾರ ಮುಳಬಾಗಿಲಲ್ಲಿ ನಮ್ಮ ಓರಗಿತ್ತಿ ಮನೆಯಲ್ಲಿದೆ. ಈ ಸಲದ ಕಾಯಿ ಅವರೇ ಒಣಗಿಸುತ್ತೇನೆ ಅಂದರು. ಹಳೆ ಪಂಚೆಯ ತುಂಡನ್ನೂ ಜೊತೆಗೆ ಕಳಿಸಿದ್ದೇನೆ. ನಿನ್ನೆ ರಾತ್ರಿ ಫೋನ್ ಮಾಡಿ, "ಅಕ್ಕ, ಗರಿಯಾಗಿದೆ, ತೆಗೆದುಬಿಡಲಾ?" ಅಂದರು. ತೊಟ್ಟಿನ ಹತ್ತಿರ ಮುರಿದು ನೋಡು ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಬಗ್ಗುತ್ತಿದೆ" ಅಂದರು. ಇನ್ನೆರಡು ಗಂಟೆ ಇಡಲು ಹೇಳಿದೆ.